ಅಮ್ಮನ ಗುಳ್ಳೆ ಬಾಟಲಿ: ಕೊನೆಗೂ 10 ಸೆಂಟಿಮೀಟರ್

ನಿನ್ನೆ ರಾತ್ರಿ ಹನ್ನೊಂದರ ಹೊತ್ತಿಗೆ ಅಮ್ಮ ಕಫ ತೆಗೆಯಲು ಊದುವ ಬಾಟಲಿಯ ಒತ್ತಡ ಅಳೆಯಲು ಜೋಡಿಸಿದ ಲೆವೆಲ್ ಪೈಪು 10 ತೋರಿಸಿತು. ಮೂರು ವಾರದಿಂದ ಕಾಯುತ್ತಿದ್ದ ಅಂಕಿ. ಅಮ್ಮನನ್ನು ಎಬ್ಬಿಸಿ ತೋರಿಸೋಣ ಅನ್ನಿಸಿತು. ಆದರೆ ಅವಳಿಗೆ ನಿದ್ದೆ ಹತ್ತುವುದೇ ಕಷ್ಟ, ಬಿಟ್ಟೆ.

ಈ ಬಾಟಲಿಗೆ ಬಬಲ್ ಪೆಪ್ ಅನ್ನುತ್ತಾರೆ. ಬಾಟಲಿಯ ನೀರಿನಲ್ಲಿ ಟ್ಯೂಬು ಮುಳುಗಿಸಿ, ಅದರಲ್ಲಿ ಊದಿ ಗುಳ್ಳೆ ಎಬ್ಬಿಸುವುದು, ಅಷ್ಟೇ.  ಅಮ್ಮನಿಗೆ ಸಿಒಪಿಡಿ, ಅಂದರೆ ಗಾಳಿನಾಳಗಳು ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ. ಬೀಡಿ ಮುಟ್ಟಿದವಳಲ್ಲ, ನಲವತ್ತು ವರ್ಷ ಸೌದೆ ಒಲೆ ಊದಿದವಳು. ಉಸಿರು ಬಿಡುವಾಗ ಸಣ್ಣ ಗಾಳಿನಾಳಗಳು ಬೇಗ ಮುಚ್ಚಿಕೊಂಡು ಗಾಳಿಯೂ ಕಫವೂ ಒಳಗೇ ಉಳಿಯುತ್ತವೆ. ನೀರಿಗೆ ಎದುರಾಗಿ ಊದಿದರೆ ಆ ಒತ್ತಡ ನಾಳಗಳನ್ನು ತೆರೆದಿಡುತ್ತದೆ. ಫಿಸಿಯೋಥೆರಪಿಸ್ಟ್ ಹೇಳಿದ್ದು 10 ಸೆಂ.ಮೀ. ನೀರು, ಅಂದರೆ ಟ್ಯೂಬಿನ ತುದಿಯ ಮೇಲೆ ಅಷ್ಟು ಆಳದ ನೀರು. ಅಷ್ಟೇ ಹಾಕಿದ್ದೆ. ಆದರೂ ನಾಲ್ಕು ಸಲ ಊದುವಷ್ಟರಲ್ಲಿ ಅಮ್ಮ ಸುಸ್ತು. "ಇದಕ್ಕಿಂತ ಹಸಿ ಸೌದೆ ಊದೋದೇ ಸಲೀಸಾಗಿತ್ತು ಕಣಪ್ಪ" ಅಂದಳು.

ನಿಜವಾಗಿ ಎಷ್ಟು ಒತ್ತಡ ಬೀಳುತ್ತಿದೆ ಅಂತ ಅಳೆಯಲು ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಲೆವೆಲ್ ಪೈಪು ಕೇಳಿ ತಂದೆ. ಹಲಗೆ ಮೇಲೆ ಯು ಆಕಾರದಲ್ಲಿ ಬಡಿದು, ಬಟ್ಟೆಗೆ ಹಾಕುವ ನೀಲಿ ಬೆರೆಸಿದ ನೀರು ತುಂಬಿ, ಊದುವ ಬಾಯಿಯ ಹತ್ತಿರ ಒಂದು ಡ್ರಿಪ್ ಟೀ (ಹನಿ ನೀರಾವರಿಯ ಮೂರು ಬಾಯಿಯ ಜೋಡಣೆ) ಹಾಕಿ ಬಾಟಲಿಯ ಟ್ಯೂಬಿಗೆ ಜೋಡಿಸಿದೆ. ಒಂದು ಕಡೆ 5 ಇಳಿದು ಇನ್ನೊಂದು ಕಡೆ 5 ಏರಿದರೆ 10. ಮೊದಲ ಸಲ ಇದನ್ನು ಮರೆತು ಅರ್ಧವೇ ಬರೆದುಕೊಂಡಿದ್ದೆ. ಗುಳ್ಳೆ ಎದ್ದಾಗ ನೀರು ಕುಣಿಯುತ್ತದೆ. ಟೀ ಹತ್ತಿರ ಚೂರು ಹತ್ತಿ ತುರುಕಿದ ಮೇಲೆ ಓದಲು ಬಂತು. ನಾನೇ ನಿಧಾನವಾಗಿ ಊದಿದೆ. 19!

ಹತ್ತರ ನೀರಿಗೆ ಹತ್ತೊಂಬತ್ತು ಯಾಕೆ? ನಾನು ಹಾಕಿದ್ದು ತೋಟದ ಡ್ರಿಪ್ ಮೈಕ್ರೋ ಟ್ಯೂಬು, ಒಳ ವ್ಯಾಸ 4 ಮಿ.ಮೀ. ಗಾಳಿ ಸರಾಗವಾಗಿ ಹರಿಯುವಾಗಲೂ ವ್ಯಾಸ ಅರ್ಧವಾದರೆ ತಡೆ 16 ಪಟ್ಟು. ಅಮ್ಮ ನೀರನ್ನಲ್ಲ, ಟ್ಯೂಬನ್ನೇ ತಳ್ಳುತ್ತಿದ್ದಳು ಪಾಪ. ಅಳತೆ ಮಾಡದೆ ಅವಳ ಕೈಗೆ ಕೊಟ್ಟೆನಲ್ಲ ಎಂದು ಹೊಟ್ಟೆ ಉರಿಯಿತು.

10 ಮಿ.ಮೀ. ಟ್ಯೂಬಿಗೆ ಅಲೆದಿದ್ದು ಬೇರೆ ಕಥೆ. ತುಮಕೂರಿನ ಒಂದು ಅಂಗಡಿಯವರು "ಹತ್ತೇ ಸರ್, ಕಣ್ಮುಚ್ಚಿ ತಗೊಳ್ಳಿ" ಅಂದರು. ಮನೆಗೆ ಬಂದು ವರ್ನಿಯರ್ (ವ್ಯಾಸ ಅಳೆಯುವ ಸಾಧನ) ಹಿಡಿದರೆ ಹತ್ತು ಇದ್ದಿದ್ದು ಹೊರಗೆ, ಒಳಗೆ 6. ವಾಪಸ್ ತಗೊಳ್ಳಲಿಲ್ಲ. ನೀವು ಹೋಗುವಾಗ ವರ್ನಿಯರ್ ಜೇಬಲ್ಲಿರಲಿ. ಇನ್ನೊಂದು ಕಡೆ ಸರಿಯಾದದ್ದು ಸಿಕ್ಕಿತು.

ಅದನ್ನು ಹಾಕಿದರೂ 13. ಎರಡು ದಿನ ಬಾಟಲಿ ನೋಡುತ್ತಾ ಕೂತೆ. ನೀರಿನ ಮಟ್ಟ ಸರಿ, ಟ್ಯೂಬು ಸರಿ. ಸಿಟ್ಟಿಗೆ ಮುಚ್ಚಳ ಬಿಚ್ಚಿ ಊದಿದೆ. 10! ಗಾಳಿ ಹೊರಗೆ ಹೋಗಲಿ ಎಂದು ಮುಚ್ಚಳಕ್ಕೆ ಮೊಳೆಯಲ್ಲಿ ತೂತು ಹೊಡೆದಿದ್ದೆ, ಅದೇ ಗಂಟಲು ಹಿಡಿದಿತ್ತು. ಸೋಲ್ಡರಿಂಗ್ ಐರನ್‌ನಿಂದ 10 ಮಿ.ಮೀ. ಮಾಡಿ ಅಂಚು ಉಜ್ಜಿದೆ. ಮುಚ್ಚಳ ಹಾಕಿದರೂ ಈಗ ಹತ್ತೇ. ಟ್ಯೂಬಿನಷ್ಟೇ ದೊಡ್ಡ ತೂತು ಮುಚ್ಚಳಕ್ಕೂ ಬೇಕು, ದಯವಿಟ್ಟು ಮರೀಬೇಡಿ.

ಬಾಟಲಿಯನ್ನೂ ಅಳತೆಯನ್ನೂ ಫಿಸಿಯೋಗೆ ತೋರಿಸಿದ ಮೇಲೆಯೇ ಅಮ್ಮನಿಗೆ ಕೊಡುವುದು. ಅವಳಿಗೆ ಬೇರೆ ಹೊಸ ಟ್ಯೂಬು. ದಿನಾ ನೀರು ಬದಲು, ತೊಳೆದು ಒಣಗಿಸುವುದು. ಊದುವುದು ಮಾತ್ರ, ಟ್ಯೂಬಿನಿಂದ ಎಳೆಯುವ ಹಾಗಿಲ್ಲ. ಕಫದಲ್ಲಿ ರಕ್ತ ಕಂಡವರು, ಶ್ವಾಸಕೋಶದ ಸುತ್ತ ಗಾಳಿ ತುಂಬಿದ್ದವರು ಡಾಕ್ಟರನ್ನು ಕೇಳದೆ ಇದನ್ನು ಮುಟ್ಟಲೇಬಾರದು.

ಇದರ ಮಧ್ಯೆ ತಲೆ ಊರಿನ ಬಚ್ಚಲಿಗೆ ಓಡುತ್ತಿದೆ. ಅಡುಗೆಗೆ ಗ್ಯಾಸ್ ಬಂದು ಎಷ್ಟೋ ವರ್ಷ ಆಯ್ತು, ಹಂಡೆಗೆ ಮಾತ್ರ ಇನ್ನೂ ತೆಂಗಿನ ಗರಿ, ಮಟ್ಟೆ. ಹೊಗೆ ಎಲ್ಲ ಒಳಗೆ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಹೊಂದುವ ತಂತ್ರಜ್ಞಾನಕ್ಕಾಗಿ ಶುರುವಾದ ಅಸ್ತ್ರ ತಂಡ ನಮ್ಮ ತುಮಕೂರು ಜಿಲ್ಲೆಯ ಉಂಗ್ರ ಹಳ್ಳಿಯಲ್ಲೇ ಕೇಂದ್ರ ಮಾಡಿಕೊಂಡು ಕೆಲಸ ಮಾಡಿತ್ತು. ಹೊಗೆ ಕೊಳವೆ ಇರುವ ಅಸ್ತ್ರ ಒಲೆ ಅವರದ್ದೇ. ಆ ಮಾದರಿಯಲ್ಲಿ ಹಂಡೆ ಒಲೆ ಕಟ್ಟಬೇಕು. ನಿಮ್ಮ ಮನೆಯಲ್ಲಿ ಹಳೆಯದು ಉಳಿದಿದ್ದರೆ ಹೇಳಿ, ಟೇಪು ಹಿಡಿದು ಬರುತ್ತೇನೆ. ಕೊಳವೆಯ ವ್ಯಾಸ ಈ ಸಲ ಮೊದಲೇ ಅಳೆದುಕೊಳ್ಳುತ್ತೇನೆ.