ಲಗ್ನಪತ್ರಿಕೆಯ ಕಾದಂಬರಿ: ಎರಡನೇ ಕರಡು ಎಲ್ಲಿಗೆ ಬಂತು

ನಾನು ಬರೆಯುತ್ತಿರುವ ನಗೆಕಾದಂಬರಿಯ ಬುಡ ಇಷ್ಟು: ಧಾರವಾಡದ ಸಣ್ಣ ಮುದ್ರಣಾಲಯವೊಂದರಲ್ಲಿ ಗುರುನಾಥ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಕೆಲಸ, ಮಾಡುತ್ತಾನೆ. ಅವನು ಪ್ರೀತಿಸಿದ ವೀಣಾಳ ಲಗ್ನಪತ್ರಿಕೆ ಅವನ ಮೇಜಿಗೇ ಬರುತ್ತದೆ. 24 ಅಧ್ಯಾಯ, ಒಂದೊಂದೂ ಸುಮಾರು 2,500 ಪದ. ಎರಡನೇ ಕರಡು 17ನೇ ಅಧ್ಯಾಯ ದಾಟಿದೆ.

ನಗೆ ಎಲ್ಲಿಂದ ಹುಟ್ಟಬೇಕು ಎಂಬುದೇ ಮೊದಲು ಇತ್ಯರ್ಥವಾಗಬೇಕು. ಅವನ ಅಳುವನ್ನೇ ನಗೆಗೀಡು ಮಾಡಿದರೆ ಓದುಗರು 40 ಪುಟದೊಳಗೆ ಅವನನ್ನು ಕೈಬಿಡುತ್ತಾರೆ. ವೀಣಾಳನ್ನು ಸಣ್ಣವಳನ್ನಾಗಿ ಮಾಡಿದರೆ, ಇಂಥವಳಿಗಾಗಿ ಇವನೇಕೆ ಕೊರಗಬೇಕು ಎಂಬ ಪ್ರಶ್ನೆ ಏಳುತ್ತದೆ. ಆದ್ದರಿಂದ ಇಲ್ಲಿ ದುಃಖ ಪೂರ್ತಿ ನಿಜ, ನಗೆಯೆಲ್ಲ ಕಸುಬಿನದು. ಬೇಕಂತಲೇ ಕೆಡಿಸಿದ ಎಂಬ ಮಾತು ಬರಬಾರದೆಂದು ಅವನು ಆ ಪತ್ರಿಕೆಯನ್ನು ಎಷ್ಟು ಜತನದಿಂದ ಮಾಡುತ್ತಾನೆಂದರೆ, ಬೀಗರೂ ಬೀಗರ ನೆಂಟರೂ ಅವನನ್ನೇ ಹುಡುಕಿಕೊಂಡು ಬರುತ್ತಾರೆ. ಮರೆಯಬೇಕಾದ ಮನೆತನದ ಲಗ್ನಗಳೆಲ್ಲ ಅವನ ಕೈಗೇ ಬಂದು ಬೀಳುತ್ತವೆ. ಇಡೀ ಕಾದಂಬರಿಯನ್ನು ಎಳೆಯುವುದು ಈ ಒಂದು ಸಂಗತಿ.

8ನೇ ಅಧ್ಯಾಯ ಕಾದಂಬರಿಯ ನಡುಗಂಬ. ಹುಡುಗಿಯ ಮನೆಯವರು ಒಪ್ಪಿ ಸಹಿ ಹಾಕಿದ ಪ್ರೂಫಿನಲ್ಲಿ, ಅಂದರೆ ಅಚ್ಚಿಗೆ ಮುಂಚಿನ ಮಾದರಿ ಪ್ರತಿಯಲ್ಲಿ, 15-5-2025, ಶುಕ್ರವಾರ ಎಂದಿದೆ. ಆ ದಿನ ಗುರುವಾರ. ಐನೂರು ಕಾರ್ಡು, ಕೆಡುವುದಕ್ಕೆಂದು ಮೇಲೆ ಇಪ್ಪತ್ತು, ಶಿವಕಾಶಿಯಿಂದ ಬಂದು ಕೂತಿವೆ, ಅವುಗಳ ಮೇಲೆ ಅಚ್ಚು ಹಾಕುವ ಸ್ಕ್ರೀನ್ ತಯಾರಾಗಿದೆ. ತಪ್ಪು ಕಂಡದ್ದು ಅವನೊಬ್ಬನಿಗೇ. ಅವನು ಹೇಳುತ್ತಾನೆ ಎಂಬುದು ಓದುಗರಿಗೆ ಗೊತ್ತಿರಲಿ, ತೊಂದರೆಯಿಲ್ಲ. ಯಾರಿಗೆ ಫೋನ್ ಮಾಡಬೇಕು ಎನ್ನುವುದರಲ್ಲಿದೆ ಅಧ್ಯಾಯದ ಬಿಗಿ: ಅವನ ಬಳಿ ಉಳಿದಿರುವುದು ವೀಣಾಳ ನಂಬರೊಂದೇ.

ಸಂಭಾಷಣೆ ಧಾರವಾಡದ್ದು, ನಿರೂಪಣೆ ಶಿಷ್ಟ ಕನ್ನಡ. ಮಾತಿನ ಕೊನೆಗೆ ಅಂಟುವ ‘ಎಂದರು’ ನಗೆಗೆ ದೊಡ್ಡ ಶತ್ರು. ನಮ್ಮ ವಾಕ್ಯದಲ್ಲಿ ಪೆಟ್ಟು ಬೀಳುವುದು ತುದಿಯಲ್ಲಿ. ಅಲ್ಲಿ ‘ಎಂದರು’ ಬಂದು ಕೂತರೆ ಪೆಟ್ಟು ತಣ್ಣಗಾಗುತ್ತದೆ. ಹಾಗಾಗಿ ಹೇಳಿದವರನ್ನು ಮುಂಚೆಯೇ ತಂದು ನಿಲ್ಲಿಸಿದೆ, ಹೀಗೆ: ವೀಣಾಳ ಅಪ್ಪ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದರು. “ಭಾಳ ಚಂದ ಮಾಡಿದಿ ನೋಡಪಾ. ನಮ್ಮ ಸಣ್ಣ ಮಗಳದೂ ನಿನಗ ಕೊಡ್ತೇವಿ.” ಇಲ್ಲಿಗೆ ಪ್ಯಾರಾ ಮುಗಿಯಬೇಕು. ಅವರು ಹೇಳಿದ್ದು ಕಾರ್ಡಿನ ಕೆಲಸ ಎಂದು ಬಿಡಿಸಿ ಹೇಳುವ ವಾಕ್ಯ ಹೋಯಿತು.

ಆಷಾಢವನ್ನು ನೆಚ್ಚಿಕೊಂಡದ್ದು ಫಲ ಕೊಟ್ಟಿದೆ. 2025ರಲ್ಲಿ ಅದು ಜೂನ್ 26ಕ್ಕೆ ಹಿಡಿದು ಜುಲೈ 24ರವರೆಗೆ, ಲಗ್ನವಿಲ್ಲ, ಕಾರ್ಡಿಲ್ಲ. ಕೆಲಸ ನಿಂತ ಕೂಡಲೇ ದುಃಖ ಮೇಲೇಳುತ್ತದೆ, ನಗೆಯೂ ಒಣಗುತ್ತದೆ. 12ರಿಂದ 14ನೇ ಅಧ್ಯಾಯದವರೆಗೆ ಕಥೆ ಕುಸಿಯುವ ಅಪಾಯ ಇದೇ. ಮದ್ದೂ ಮುದ್ರಣಾಲಯದಲ್ಲೇ ಸಿಕ್ಕಿತು: ಆಗಸ್ಟ್ 27ರ ಗಣೇಶ ಚೌತಿಗೆ ಚಂದಾ ಪಾವತಿ ಪುಸ್ತಕ. ಒಂದೇ ಓಣಿಯ ಎರಡು ಮಂಡಳಿ, ಇಬ್ಬರಿಗೂ ರಸೀದಿ 1ರಿಂದಲೇ ಶುರುವಾಗಬೇಕು, ಇಬ್ಬರಿಗೂ ಮೊದಲು ಬೇಕು. ನಂಬರಿಂಗ್ ಯಂತ್ರ ಒಂದೇ.

ಮರೆಯುವುದು ಹೇಗೆ ಕಾಣಬೇಕು? ‘ಅವನು ಈಗ ಹಗುರಾದ’ ಎಂದು ಬರೆದರೆ ಯಾರೂ ನಂಬುವುದಿಲ್ಲ. ವೀಣಾಳ ಹೆಸರು ಪ್ರತಿ ಅಧ್ಯಾಯದಲ್ಲಿ ಎಷ್ಟು ಸಲ ಬರುತ್ತದೆ ಎಂದು ಎಣಿಸಿ ಹಾಳೆಯೊಂದರಲ್ಲಿ ಗುರುತು ಹಾಕಿದೆ. ಮೊದಲ ಅಧ್ಯಾಯದಲ್ಲಿ 31, 10ರಲ್ಲಿ 12, 14ರಲ್ಲಿ ಮತ್ತೆ 26, 17ರಲ್ಲಿ 4. ನೇರ ಇಳಿದರೆ ಸುಳ್ಳು ಕಾಣುತ್ತದೆ, ಏರಿ ಇಳಿಯಬೇಕು. 15ರಲ್ಲಿ ಬರುವ ಬೈಂಡಿಂಗಿನ ಶಾಂತಾ ಅವನಿಗೆ ಬಹುಮಾನವಲ್ಲ. ಅವಳನ್ನು 5ನೇ ಅಧ್ಯಾಯಕ್ಕೇ ತಂದರೆ ಗಾಯಕ್ಕೆ ಪಟ್ಟಿ ಕಟ್ಟಿದಂತಾಗಿ ಕಾದಂಬರಿ ಅಲ್ಲೇ ಮುಗಿಯುತ್ತದೆ. ಅವಳಿಗೆ ಅವಳದೇ ಜಗಳ ಬೇಕು, ಕೊಟ್ಟಾಗಿದೆ: ಬಾಕಿ ಉಳಿದ ಕೂಲಿ.

ಟೈಪಿಂಗ್ ‘ನುಡಿ’ ತಂತ್ರಾಂಶದಲ್ಲಿ ಆದದ್ದು, ಯೂನಿಕೋಡಿಗೆ ತರುವಾಗ ಕೆಲವೆಡೆ ಅರ್ಕಾವತ್ತು ಜಾರಿ ‘ಆಶೀರ್ವಾದ’ವು ‘ಆಶೀವಾರ್ದ’ ಆಗಿದೆ. ಲಗ್ನಪತ್ರಿಕೆಯ ಕಾದಂಬರಿಯಲ್ಲಿ ಈ ಪದ ಪುಟಪುಟಕ್ಕೂ ಬರುವುದರಿಂದ ‘ವಾರ್ದ’ ಎಂದು ಹುಡುಕಿ ಒಂದೊಂದನ್ನೂ ಕಣ್ಣಿಂದ ನೋಡಿ ತಿದ್ದುತ್ತಿದ್ದೇನೆ. ಒಟ್ಟಿಗೆ ಬದಲಿಸುವಂತಿಲ್ಲ; 6ನೇ ಅಧ್ಯಾಯದಲ್ಲಿ ಆ ತಪ್ಪು ಬೇಕೆಂದೇ ಇದೆ.

ಉಳಿದದ್ದು 18ರಿಂದ 24. ಅದರಲ್ಲಿ 21ನೆಯದು ಮೊದಲ ಕರಡಿನಲ್ಲೇ 4,000 ಪದಕ್ಕೆ ಉಬ್ಬಿದೆ. ಅರಿಷಿಣ ಶಾಸ್ತ್ರದ ದೃಶ್ಯ ಪೂರ್ತಿ ತೆಗೆದು, ಸೋದರಮಾವನ ಫೋನನ್ನು 20ಕ್ಕೆ ಸರಿಸಬೇಕು.