ಲ್ಯಾಬಿನ ಸಸಿಯೂ ಕಮಲಾಪುರದ ಕೆಂಪು ಬಾಳೆಯೂ

ನಾನು ಟಿಶ್ಯೂ ಕಲ್ಚರ್ ಲ್ಯಾಬಿನಲ್ಲಿ, ಅಂದರೆ ಗಿಡದ ಚೂರಿನಿಂದ ಬಾಟಲಿಯಲ್ಲಿ ಬಾಳೆ ಸಸಿ ಬೆಳೆಸುವ ಕಡೆ, ಕೆಲಸ ಮಾಡಿದವಳು ಅಂತ ಗೊತ್ತಾದರೆ ಸಾಕು, ಕಲಬುರಗಿ ಜಿಲ್ಲೆಯ ನಮ್ಮ ಕಮಲಾಪುರ ಕಡೆಯ ರೈತರು ಕೇಳುವುದು ಒಂದೇ ಮಾತು. "ಲ್ಯಾಬಿನ ಸಸಿ ಹಚ್ಚಿದರ ರೋಗ ಬರಂಗಿಲ್ಲ, ಹೌದಿಲ್ಲೋ?"

ಬರುತ್ತದೆ. ಹಾಗಂದರೆ "ಮತ್ತ್ಯಾಕ ಅಷ್ಟು ರೊಕ್ಕ ಕೊಡಬೇಕು" ಅಂತಾರೆ. ಅದಕ್ಕೂ ಉತ್ತರ ಇದೆ, ಆದರೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ಹೇಳಿ ಮುಗಿಸುವಂಥದ್ದಲ್ಲ.

ಲ್ಯಾಬಿನ ಕೆಲಸ ಶುರುವಾಗುವುದೂ ಹೊಲದ ಕಂದಿನಿಂದಲೇ, ಅಂದರೆ ಬಾಳೆಯ ಬುಡದಲ್ಲಿ ಏಳುವ ಮರಿಗಿಡದಿಂದಲೇ. ಕತ್ತಿಯಂಥ ಚೂಪು ಎಲೆಯ ಕಂದನ್ನು ಕಿತ್ತು ತಂದು, ತೊಳೆದು, ಪದರ ಪದರವಾಗಿ ಸುಲಿಯುತ್ತಾ ಹೋಗಬೇಕು. ಒಳಗೆ ಬೆಳೆಯುವ ತುದಿ ಮಾತ್ರ ಉಳಿಯುತ್ತದೆ. ಅದನ್ನು ಬ್ಲೀಚಿಂಗ್ ದ್ರಾವಣದಲ್ಲಿ ಅದ್ದಿ, ಶುದ್ಧ ಗಾಳಿ ಬೀಸುವ ಪೆಟ್ಟಿಗೆಯ ಮುಂದೆ ಕೂತು ಬಾಟಲಿಗೆ ಇಳಿಸುತ್ತೇವೆ. ಬಾಟಲಿಯಲ್ಲಿರುವುದು ಸಕ್ಕರೆ, ಲವಣ, ವಿಟಮಿನ್ ಮತ್ತು ಅದನ್ನೆಲ್ಲ ಜೆಲ್ಲಿಯಂತೆ ಗಟ್ಟಿ ಮಾಡುವ ಅಗರ್. ಮುರಾಶಿಗೆ ಮತ್ತು ಸ್ಕೂಗ್ ಎಂಬ ಹೆಸರಿನ ಇಬ್ಬರು ವಿಜ್ಞಾನಿಗಳು ತಂಬಾಕಿನ ಅಂಗಾಂಶ ಬೆಳೆಸಲು 1962ರಲ್ಲಿ ಕೊಟ್ಟ ಪಾಕ ಅದು. ಇವತ್ತಿಗೂ ಬಾಳೆಗೆ ಅದನ್ನೇ ಚೂರುಪಾರು ಬದಲಿಸಿ ಬಳಸುತ್ತಾರೆ. ಬಾಳೆಯ ತುಂಡು ಹೆಚ್ಚಿಟ್ಟ ಬದನೆಕಾಯಿಯಂತೆ ನೋಡನೋಡುತ್ತಲೇ ಕಪ್ಪಾಗುತ್ತದೆ. ಅದನ್ನು ತಡೆಯಲು ವಿಟಮಿನ್ ಸಿ ಹಾಕುವುದುಂಟು. ಬೂಸ್ಟು ಬಂದ ಬಾಟಲಿಯನ್ನು ಮುಚ್ಚಳ ತೆಗೆಯದೆ ಆಚೆ ಸಾಗಿಸಬೇಕು, ಇಲ್ಲದಿದ್ದರೆ ಪಕ್ಕದ ಬಾಟಲಿಗಳೂ ಹೋದವು ಅಂತಲೇ ಲೆಕ್ಕ.

ಹಾರ್ಮೋನ್ ಕೊಟ್ಟಾಗ ಒಂದು ತುದಿಯ ಸುತ್ತ ಹಲವು ಚಿಗುರು ಒಡೆಯುತ್ತವೆ. ಮೂರು ನಾಲ್ಕು ವಾರಕ್ಕೊಮ್ಮೆ ಬಿಡಿಸಿ ಹೊಸ ಬಾಟಲಿಗೆ ಹಾಕಿದರೆ ಸಂಖ್ಯೆ ಏರುತ್ತಲೇ ಹೋಗುತ್ತದೆ. ಆಸೆ ಹುಟ್ಟುವುದು ಇಲ್ಲೇ. ಇನ್ನೊಂದು ಸುತ್ತು, ಮತ್ತೊಂದು ಸುತ್ತು ಅಂತ ಎಳೆದರೆ ಖರ್ಚಿಲ್ಲದೆ ಸಾವಿರಗಟ್ಟಲೆ ಸಸಿ ಸಿಗುತ್ತವಲ್ಲ. ಆದರೆ ಸುಮಾರು 8 ಸುತ್ತು ದಾಟಬಾರದು ಅನ್ನುತ್ತಾರೆ. ದಾಟಿದಷ್ಟೂ ತಾಯಿಯಂತಿಲ್ಲದ ಸಸಿಗಳು ಜಾಸ್ತಿ. ಕೆಲವು ಕುಳ್ಳಗೇ ಉಳಿಯುತ್ತವೆ, ಕೆಲವುದರ ಎಲೆ ವಿಕಾರವಾಗುತ್ತದೆ.

ನಮ್ಮ ಕೆಂಪು ಬಾಳೆಗೆ ಇನ್ನೂ ಒಂದು ಚಾಳಿ ಇದೆ. ಅದು ಹಸಿರಿಗೆ ತಿರುಗುತ್ತದೆ. ಲ್ಯಾಬಿನಲ್ಲೇ ಅಂತಲ್ಲ, ತೋಟದಲ್ಲೂ ಒಮ್ಮೊಮ್ಮೆ ಕೆಂಪು ಗಿಡದ ಬುಡದಿಂದ ಹಸಿರು ದಿಂಡಿನ ಕಂದು ಏಳುತ್ತದೆ. ಹಣ್ಣು ತಿನ್ನಲು ಏನೂ ಮೋಸವಿಲ್ಲ. ಆದರೆ ಕಲಬುರಗಿ ಮಾರ್ಕೆಟ್ಟಿನಲ್ಲಿ ಜನ ಜಾಸ್ತಿ ಬೆಲೆ ಕೊಡುವುದು ಆ ಬಣ್ಣ ನೋಡಿ ತಾನೆ? ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿರುವುದೂ 'ಕಮಲಾಪುರ ಕೆಂಪು ಬಾಳೆ' ಎಂಬ ಹೆಸರಿಗೇ. ಎಲ್ಲೆಡೆ ಬೆಳೆಯುವ ಜಿ-9 ಎಂಬ ಬಾಳೆ ತಳಿ ಒಂದು ವರ್ಷದೊಳಗೆ ಕಟಾವಿಗೆ ಬರುತ್ತದೆ, ಕೆಂಪು ಬಾಳೆಗೆ ಒಂದೂವರೆ ವರ್ಷದಷ್ಟು ಬೇಕು. ಅಷ್ಟು ದಿನ ನೀರು ಕಟ್ಟಿ ಕೊನೆಗೆ ಹಸಿರು ಗೊನೆ ಬಂದರೆ ಯಾರನ್ನು ಕೇಳುವುದು?

ಈಗ ರೋಗದ ಮಾತು. ಲ್ಯಾಬಿನ ಸಸಿ ಮಣ್ಣು ಕಾಣದೆ ಹುಟ್ಟುತ್ತದೆ. ಹಾಗಾಗಿ ಕಂದಿನ ಜೊತೆ ಬರುವ ಜಂತುಹುಳು, ಗೆಡ್ಡೆ ಕೊರೆಯುವ ಹುಳು, ಸೊರಗು ರೋಗದ ಶಿಲೀಂಧ್ರ ಅದರ ಜೊತೆ ಬರಲ್ಲ. ನೀವು ಕೊಡುವ ದುಡ್ಡು ಇದಕ್ಕೆ. ಎಲ್ಲ ಗಿಡ ಹೆಚ್ಚುಕಮ್ಮಿ ಒಟ್ಟಿಗೆ ಗೊನೆ ಹಾಕುತ್ತವೆ ಅನ್ನುವುದು ಮೇಲಿನ ಲಾಭ. ಆದರೆ ವೈರಸ್ ಹಾಗಲ್ಲ, ಅದು ಅಂಗಾಂಶದೊಳಗೇ ಕೂತಿರುತ್ತದೆ. ತಾಯಿಗೆ ಬಂಚಿ ಟಾಪ್ ಎಂಬ, ಎಲೆಗಳು ತುದಿಯಲ್ಲಿ ಗೊಂಚಲಾಗುವ ವೈರಸ್ ರೋಗ ಇದ್ದರೆ ಬಾಟಲಿಯಲ್ಲಿ ಅದೂ ಸಾವಿರವಾಗುತ್ತದೆ. ಅದಕ್ಕೇ ವೈರಸ್ ಪರೀಕ್ಷೆ ಬೇಕು. ಟಿಶ್ಯೂ ಕಲ್ಚರ್ ಸಸಿಗಳಿಗೆ ಕೇಂದ್ರದ ಪ್ರಮಾಣೀಕರಣ ವ್ಯವಸ್ಥೆ 2006ರಿಂದಲೇ ಇದೆ. ಸಸಿ ಕೊಳ್ಳುವಾಗ ಆ ಲೇಬಲ್ ಎಲ್ಲಿ ಅಂತ ಕೇಳಿ. ನಾಚಿಕೆ ಬೇಡ.

ಹೊಲಕ್ಕೆ ಬಂದ ಮೇಲೆ ಲ್ಯಾಬಿನ ಸಸಿಗೂ ಬೇರೆ ಸಸಿಯಷ್ಟೇ ಪಾಡು. ಇನ್ನೂ ಎಳೆಯದು, ಸ್ವಲ್ಪ ಜಾಸ್ತಿಯೇ ಅನ್ನಿ. ಬಾಟಲಿಯಲ್ಲಿ ಬೆಳೆದ ಎಲೆಗೆ ಮೇಣದ ಪದರ ಸರಿಯಾಗಿ ಕಟ್ಟಿರುವುದಿಲ್ಲ. ನೆರಳುಮನೆಯಲ್ಲಿ ವಾರಗಟ್ಟಲೆ ಹದ ಮಾಡದಿದ್ದರೆ ನಮ್ಮ ಬಿಸಿಲಿಗೆ ಒಂದು ಮಧ್ಯಾಹ್ನ ಸಾಕು.

ಹಾಗಾದರೆ ಸೊರಗು ರೋಗ ತಡೆಯುವ ಬಾಳೆಯನ್ನೇ ಮಾಡಬಾರದಾ? ಮಾಡಿದ್ದಾರೆ. ನಾವು ತಿನ್ನುವ ಬಾಳೆಯಲ್ಲಿ ಬೀಜವೇ ಇಲ್ಲ, ಹೀಗಾಗಿ ಜೋಳ, ತೊಗರಿಯಂತೆ ತಳಿ ಕೂಡಿಸುವುದು ಬಹಳ ಕಷ್ಟ. ಆಸ್ಟ್ರೇಲಿಯಾದವರು ಕಾಡುಬಾಳೆಯ ಒಂದು ಜೀನನ್ನು ಕ್ಯಾವೆಂಡಿಶ್‌ಗೆ, ಅಂದರೆ ಜಿ-9 ಸೇರಿರುವ ಬಾಳೆ ಗುಂಪಿಗೆ, ಸೇರಿಸಿದರು. ಟಿಆರ್4 ಎಂಬ ಸೊರಗು ರೋಗವನ್ನು ತಡೆಯುವ ಆ ಬಾಳೆಗೆ 2024ರಲ್ಲಿ ಅಲ್ಲಿ ಒಪ್ಪಿಗೆಯೂ ಸಿಕ್ಕಿತು. ಟಿಆರ್4 ನಮ್ಮ ಬಿಹಾರ, ಉತ್ತರ ಪ್ರದೇಶಕ್ಕೆ ಆಗಲೇ ಬಂದಿದೆ. ಅಂಥ ಕೆಲಸ ದೊಡ್ಡ ಮಾರುಕಟ್ಟೆಯ ತಳಿಗೆ ಮೊದಲು ಆಗುತ್ತದೆ. ಕಮಲಾಪುರದ ಸುತ್ತಲ ನಾಲ್ಕು ಊರಿನ ಬಾಳೆಗೆ ಯಾವಾಗ? ನಂಜನಗೂಡು ರಸಬಾಳೆಯನ್ನು ಸೊರಗು ರೋಗ ಯಾವ ಸ್ಥಿತಿಗೆ ತಂದಿತು ಅಂತ ಎಲ್ಲರಿಗೂ ಗೊತ್ತು.

ಅದಕ್ಕೇ ನಾನು, ತೋಟದ ಒಳ್ಳೆ ಬುಡ ಗುರುತು ಮಾಡಿಕೊಡಿ, ಅದರ ಕಂದನ್ನು ಲ್ಯಾಬಿಗೆ ಕೊಡೋಣ ಅಂತ ನಮ್ಮ ಕಾಕಾನ ಬೆನ್ನು ಬಿದ್ದಿದ್ದೇನೆ. ಯಾವ ಬುಡ ವರ್ಷ ವರ್ಷವೂ ಅಚ್ಚ ಕೆಂಪು ಗೊನೆ ಕೊಟ್ಟಿದೆ, ಯಾವುದು ಮೇ ತಿಂಗಳ ಗಾಳಿಗೂ ಬಗ್ಗಿಲ್ಲ, ಎಲ್ಲಾ ಅವರ ತಲೆಯಲ್ಲಿದೆ. ಲ್ಯಾಬಿನವರಿಗೆ ಅದು ಹೇಗೆ ಗೊತ್ತಾಗಬೇಕು? ನಾವು ಕೊಟ್ಟ ಕಂದನ್ನು ಅವರು ಕಾಪಿ ಮಾಡುತ್ತಾರೆ, ಅಷ್ಟೇ. ಕಾಕಾ ಮೊದಲು ನಕ್ಕರು. "ಯವ್ವಾ, ಕಂದು ನಂದು, ರೊಕ್ಕಾ ಕೊಟ್ಟು ತಿರುಗಿ ತರೋನೂ ನಾನೇ ಏನು?"

ಪ್ರಶ್ನೆ ಸರಿಯಾಗಿಯೇ ಇತ್ತು. ಆದರೂ ಗುರುತು ಮಾಡಿಕೊಡಲು ಒಪ್ಪಿದ್ದಾರೆ. ಈಗ ನಮ್ಮಿಬ್ಬರ ಜಗಳ ಜಾಗದ್ದು. ಅವರಿಗೆ ಬಾವಿ ಹತ್ತಿರದ ಹಳೇ ತೋಟದಲ್ಲೇ ಹಚ್ಚಬೇಕು. ಅಲ್ಲಿ ಗಿಡ ಸೊರಗಿ ಸತ್ತಿವೆ, ಆ ಶಿಲೀಂಧ್ರ ಮಣ್ಣಲ್ಲಿ ಹತ್ತಾರು ವರ್ಷ ಉಳಿಯುತ್ತದೆ ಅಂದೆ. ಮೇಲಿನ ತೊಗರಿ ಹೊಲ ಕೊಡಿ ಅಂದರೆ, "ಅಲ್ಲೂ ನೆಟೆ ರೋಗ ಬಂದಿತ್ತಲ್ಲ" ಅಂದರು. ನೆಟೆ ಅಂದರೆ ತೊಗರಿಯ ಸೊರಗು ರೋಗ. ಅದೂ ಬಾಳೆಯದರಂತೆ ಫ್ಯುಸೇರಿಯಂ ಎಂಬ ಶಿಲೀಂಧ್ರ ಜಾತಿಯದ್ದೇ, ಆದರೆ ತೊಗರಿ ಕೊಲ್ಲುವುದು ಬೇರೆ, ಬಾಳೆ ಕೊಲ್ಲುವುದು ಬೇರೆ ಅಂತ ಹೇಳಿದ್ದೇನೆ. ಈಗ ಆ ಹೊಲಕ್ಕೆ ನೀರು ಒಯ್ಯುವ ಪೈಪ್‌ಲೈನಿನ ಖರ್ಚು ಯಾರು ಕೊಡ್ತಾರೆ ಅಂತ ಕೇಳುತ್ತಿದ್ದಾರೆ.