ಹಳದಿ ಕಾಲರ್

ಇವತ್ತು ಸಂಜೆ ಒಂದು ಗಂಟೆ ಪೂರ್ತಿ ಒಂದು ಕಾಲರ್‌ಗೇ ಹೋಯಿತು.
ಸಾಸಿವೆ ಕಾಳಿನಷ್ಟೂ ಇಲ್ಲ ಅದು.

28 ಮಿಲಿಮೀಟರಿನ ಪುಟ್ಟ ಗೊಂಬೆ, ವೋಲ್ಟಿಜರ್. ನೆಪೋಲಿಯನ್ನನ ಲೈಟ್ ಇನ್‌ಫೆಂಟ್ರಿ, ಅಂದರೆ ಹಗುರ ಕಾಲಾಳು ಪಡೆಯ ಸಿಪಾಯಿ. ಕೋಟು ನೀಲಿ, ಪ್ಯಾಂಟೂ ನೀಲಿ. ನಡುವೆ ಕಾಲರ್ ಮಾತ್ರ ಮಾಸಲು ಹಳದಿ. ಮೊದಲು ಹಚ್ಚಿದ್ದು ಅರಿಶಿನದ ಹಾಗೆ ಹೊಳೆಯುತ್ತಿತ್ತು. ಒರೆಸಿದೆ. ಚೂರು ಕಂದು ಬೆರೆಸಿ ಮತ್ತೆ ಹಚ್ಚಿದೆ. ಈಗ ಸರಿಯಾಗಿದೆ.

1804ರಲ್ಲಿ ಈ ವೋಲ್ಟಿಜರ್ ತುಕಡಿಗಳನ್ನು ಕಟ್ಟಿದಾಗ ಬೇಕು ಅಂತಲೇ ಕುಳ್ಳಗಿರುವವರನ್ನು ಆರಿಸಿದರು. ಎತ್ತರ ಸುಮಾರು 160 ಸೆಂಟಿಮೀಟರ್ ದಾಟಬಾರದು. ಅಲ್ಲಿಯವರೆಗೆ ಆಯ್ದ ತುಕಡಿ ಅಂದರೆ ಎತ್ತರದವರದ್ದೇ. ಕುದುರೆ ಸವಾರನ ಹಿಂದೆ ಹಾರಿ ಕೂರಬೇಕು ಅನ್ನೋದು ಮೊದಲ ಯೋಚನೆ. ಹೆಸರು ಬಂದಿದ್ದೂ ಆ ಹಾರುವುದರಿಂದಲೇ. ಅದೇನೋ ಕೈಗೂಡಲಿಲ್ಲ. ಆದರೆ ಸಾಲಿನ ಮುಂದೆ ಚದುರಿ ನಿಂತು, ಗುರಿ ನೋಡಿ ಗುಂಡು ಹಾರಿಸುವ ಕೆಲಸ ಇವರದಾಯಿತು.

ಕುಳ್ಳ ಅಂತ ಯಾವಾಗಲೂ ಹಿಂದೆ ನಿಂತಿದ್ದ ಹುಡುಗ. ಮೊದಲ ಸಲ ಆ ಹಳದಿ ಕಾಲರ್ ಹಾಕಿಕೊಂಡಾಗ ಎದೆ ಎಷ್ಟು ಉಬ್ಬಿರಬೇಕು, ಅಲ್ವಾ? ಬ್ರಷ್ ಹಿಡಿದು ಸುಮ್ನೆ ಅದನ್ನೇ ಯೋಚಿಸುತ್ತಾ ಕೂತಿದ್ದೆ.

ಶೆಲ್ಫಿನಲ್ಲಿ ಈಗ ಹನ್ನೆರಡು ಜನ. ಇವನನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸಿದ್ದೇನೆ. ಬಣ್ಣ ಇನ್ನೂ ಹಸಿ ಇದೆ.